ಸ್ಟೇಷನರಿ, ಯೂನಿಫಾರ್ಮ್, ಕ್ಯಾಂಟೀನ್: ಪರ್ಚೇಸ್‌ನಲ್ಲಿ ಹೆಣ್ಣುಮಕ್ಕಳ ಪಾಲಿಗೆ ಇಷ್ಟೇನಾ?

ಪೀಣ್ಯ 2ನೇ ಹಂತ (ಗುರುವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ. ಬಿಡುವಿದ್ದಾಗ ಓದಿ, ನಿಮ್ಮ ಅನುಭವ ಹೇಳಿ.

ನಾನು 14 ವರ್ಷದಿಂದ ಕಾರ್ಖಾನೆಯೊಂದರ ಪರ್ಚೇಸ್‌ನಲ್ಲಿ, ಅಂದರೆ ಖರೀದಿ ವಿಭಾಗದಲ್ಲಿ ಇದ್ದೇನೆ. ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಕೆಲಸ ಮಾಡುತ್ತಲೇ ಐಐಎಂಎಂ ಸಂಸ್ಥೆಯ ಜಿಡಿಎಂಎಂ (ಮೆಟೀರಿಯಲ್ಸ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ) ಮುಗಿಸಿದೆ. ಹೋದ ವಾರ ನಮ್ಮಲ್ಲಿ ಪರ್ಚೇಸ್ ಹೆಡ್ ಹುದ್ದೆಗೆ ಆಯ್ಕೆ ನಡೆಯಿತು. ನನಗೆ ಸಿಗಲಿಲ್ಲ. ನನಗಿಂತ 6 ವರ್ಷ ಕಿರಿಯರೊಬ್ಬರಿಗೆ ಸಿಕ್ಕಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಒಳ್ಳೆಯ ಕೆಲಸಗಾರ, ನಾನೇ ಕೆಲಸ ಕಲಿಸಿದ ಹುಡುಗ.

ಕಾರಣ ಕೇಳಿದೆ. ಹೇಳಿದ್ದು ಇಷ್ಟು: "ನಿಮ್ಮದು ಒಟ್ಟು 14 ವರ್ಷ ಹೌದು. ಆದರೆ ಡೈರೆಕ್ಟ್ ಮೆಟೀರಿಯಲ್ ನೋಡಿದ್ದು 6 ವರ್ಷ ಮಾತ್ರ. ಅವರದು 8 ವರ್ಷವೂ ಡೈರೆಕ್ಟ್." ಲೆಕ್ಕ ಸರಿಯಾಗಿಯೇ ಇದೆ. ನನ್ನ ನಿದ್ದೆ ಕೆಡಿಸಿರುವುದು ಅದೇ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಾರ್ಖಾನೆಯಲ್ಲಿ ಖರೀದಿ ಎರಡು ಥರ. ತಯಾರಾಗುವ ವಸ್ತುವಿನೊಳಗೆ ಸೇರುವ ಸ್ಟೀಲು, ಕಾಸ್ಟಿಂಗ್ (ಎರಕ ಹೊಯ್ದ ಭಾಗ), ಫೋರ್ಜಿಂಗ್ (ಕಾಯಿಸಿ ಬಡಿದು ಮಾಡಿದ ಭಾಗ), ಬೇರಿಂಗ್ ಎಲ್ಲ ಡೈರೆಕ್ಟ್. ಸ್ಟೇಷನರಿ, ಯೂನಿಫಾರ್ಮ್, ಕ್ಯಾಂಟೀನ್, ಹೌಸ್‌ಕೀಪಿಂಗ್, ಕ್ಯಾಬು ಎಲ್ಲ ಇನ್‌ಡೈರೆಕ್ಟ್. ನಾನು ಸೇರಿದಾಗ ನನ್ನ ಜೊತೆ ಇಬ್ಬರು ಹುಡುಗರು ಸೇರಿದರು. ಮೂವರದ್ದೂ ಒಂದೇ ಓದು. ಒಬ್ಬನಿಗೆ ಶೀಟ್ ಮೆಟಲ್ ಕೊಟ್ಟರು, ಇನ್ನೊಬ್ಬನಿಗೆ ಫೋರ್ಜಿಂಗ್. ನನಗೆ ಯೂನಿಫಾರ್ಮ್ ಮತ್ತು ಕ್ಯಾಂಟೀನ್. "ಮೊದಲು ಸಿಸ್ಟಮ್ ಕಲಿತುಕೊಳ್ಳಮ್ಮ, ಆಮೇಲೆ ನೋಡೋಣ" ಎಂದರು. ಆ ಆಮೇಲೆ ಬರಲು 6 ವರ್ಷ ಹಿಡಿಯಿತು. ಅದೂ ಕಾಸ್ಟಿಂಗ್ ನೋಡುತ್ತಿದ್ದವರು ಇದ್ದಕ್ಕಿದ್ದಂತೆ ಕೆಲಸ ಬಿಟ್ಟರು ಅಂತ. 3 ವರ್ಷ ಕಾಸ್ಟಿಂಗ್ ನೋಡಿದೆ. ಆಮೇಲೆ ಮಗು. ರಜೆ ಮುಗಿಸಿ ಬಂದಾಗ ನನ್ನ ಫೈಲುಗಳು ಬೇರೆಯವರ ಮೇಜಿನ ಮೇಲಿದ್ದವು. "ಚಿಕ್ಕ ಮಗು ಇದೆಯಲ್ಲ, ಸದ್ಯಕ್ಕೆ ಹಗುರವಾದದ್ದು ನೋಡಿಕೊಳ್ಳಿ" ಎಂದು ಮತ್ತೆ ಕ್ಯಾಂಟೀನು. ಇನ್ನೂ 2 ವರ್ಷ.

ಒಂದು ದಿನದ ಕತೆ ಹೇಳುತ್ತೇನೆ. 6 ವರ್ಷದ ಹಿಂದಿನದು. ಒಬ್ಬ ಕಾಸ್ಟಿಂಗ್ ಸಪ್ಲೈಯರ್ ದರ ಹೆಚ್ಚಿಸಲು ಕೇಳಿಕೊಂಡು ಬಂದಿದ್ದರು. ಮಾಲೀಕರು, ಜೊತೆಗೆ ಅವರ ಮಾರ್ಕೆಟಿಂಗ್‌ನವರು. ನನ್ನ ಪಕ್ಕದಲ್ಲಿ ಆಗ ಎರಡನೇ ವರ್ಷದಲ್ಲಿದ್ದ ಹುಡುಗ. ಮಾಲೀಕರು ವಿಸಿಟಿಂಗ್ ಕಾರ್ಡ್ ಅವನ ಕೈಗೆ ಕೊಟ್ಟರು. ನನ್ನ ಕಡೆ ತಿರುಗಿ "ಮೇಡಂ, ಒಂದು ಲೋಟ ನೀರು" ಎಂದರು. ನೀರು ತರಿಸಿ ಕೊಟ್ಟೆ. ಮಾತೆಲ್ಲ ಅವನ ಜೊತೆಯೇ. ಪಿಗ್ ಐರನ್ ಏರಿದೆ, ಸ್ಕ್ರ್ಯಾಪ್ ಏರಿದೆ, ಕರೆಂಟ್ ಬಿಲ್ ಏರಿದೆ ಅಂತ. ಉತ್ತರ ನಾನು ಕೊಟ್ಟರೆ ಮುಂದಿನ ಪ್ರಶ್ನೆ ಮತ್ತೆ ಅವನಿಗೆ.

ನಾನು ಎದ್ದು ಸ್ಟೋರ್ಸ್‌ಗೆ ಹೋದೆ. ಅವರು ಎರಕ ಹೊಯ್ದು ಕೊಡುತ್ತಿದ್ದ ಬ್ರಾಕೆಟ್‌ನ 10 ಪೀಸು ಟ್ರಾಲಿಯಲ್ಲಿ ಹಾಕಿಸಿದೆ. ಅವರಿಬ್ಬರನ್ನೂ ರಿಸೀವಿಂಗ್ ತಕ್ಕಡಿಯ ಹತ್ತಿರ ಕರೆದೆ. ಕಾಸ್ಟಿಂಗ್‌ಗೆ ದುಡ್ಡು ಕೊಡುವುದು ಕೆಜಿ ಲೆಕ್ಕದಲ್ಲಿ ಅಲ್ವಾ. ಅವರ ಬಿಲ್ಲಿನಲ್ಲಿ ಪೀಸಿಗೆ 14.2 ಕೆಜಿ. ತಕ್ಕಡಿ ತೋರಿಸಿದ್ದು ಸರಾಸರಿ 13.5. ಹಿಂದಿನ ವರ್ಷ ಡ್ರಾಯಿಂಗ್ ಬದಲಾಗಿ ಒಂದು ಪಾಕೆಟ್ (ಗುಳಿ) ಆಳವಾಗಿತ್ತು, ಪ್ಯಾಟರ್ನ್ (ಎರಕದ ಅಚ್ಚಿನ ಮಾದರಿ) ತಿದ್ದಿದ್ದರು. ಬಿಲ್ಲಿನ ತೂಕ ಮಾತ್ರ ಯಾರೂ ತಿದ್ದಿರಲಿಲ್ಲ. ಪೀಸಿಗೆ 700 ಗ್ರಾಂ, ತಿಂಗಳಿಗೆ 3000 ಪೀಸು, ಕೆಜಿಗೆ 95 ರೂಪಾಯಿ. ತಿಂಗಳಿಗೆ ಹತ್ತಿರ ಹತ್ತಿರ 2 ಲಕ್ಷ. ದರ ಹೆಚ್ಚಿಸುವ ಮಾತು ಅಲ್ಲಿಗೇ ನಿಂತಿತು.

ಆ ವರ್ಷದ ಅಪ್ರೈಸಲ್‌ನಲ್ಲಿ ನನ್ನ ಬಗ್ಗೆ ಬರೆದದ್ದು: "ಸಪ್ಲೈಯರ್‌ಗಳ ಜೊತೆ ನಡವಳಿಕೆ ಮೃದುವಾಗಬೇಕು." ಆ ಹುಡುಗನ ಬಗ್ಗೆ: "ಗಟ್ಟಿಯಾಗಿ ನೆಗೋಷಿಯೇಟ್ ಮಾಡುತ್ತಾನೆ." ಪಾಪ, ಅವನೇ ಬಂದು ತೋರಿಸಿದ. ಹೋದ ವಾರ ಹೆಡ್ ಆದದ್ದು ಅವನೇ.

ನನಗೆ ಅನಿಸುವುದು ಇದು. ಹೆಡ್ ಯಾರು ಅನ್ನೋದು ಹೋದ ವಾರ ತೀರ್ಮಾನ ಆಗಲಿಲ್ಲ. 14 ವರ್ಷದ ಹಿಂದೆ ಹುಡುಗರಿಗೆ ಶೀಟ್ ಮೆಟಲ್, ನನಗೆ ಕ್ಯಾಂಟೀನ್ ಅಂದ ದಿನವೇ ಆಯಿತು. ನಿಮ್ಮ ಕಡೆಯೂ ಹೀಗೇನಾ?

ಬೊಮ್ಮಸಂದ್ರದ ಹೊಸಬಳು (ಗುರುವಾರ, ರಾತ್ರಿ 10:15)

ಅಕ್ಕ, ಓದುತ್ತಾ ಕಣ್ಣಲ್ಲಿ ನೀರು ಬಂತು. ನಾನು ಸೇರಿ 1 ವರ್ಷ 4 ತಿಂಗಳು. ನನ್ನ ಕೆಲಸ ಸ್ಟೇಷನರಿ, ಐಡಿ ಕಾರ್ಡ್ ಟ್ಯಾಗು, ಸೇಫ್ಟಿ ಶೂ. ಜೊತೆಗೆ ಎಲ್ಲರ ಕಂಪ್ಯಾರೇಟಿವ್ ಸ್ಟೇಟ್‌ಮೆಂಟ್ (ಸಪ್ಲೈಯರ್‌ಗಳ ದರ ಹೋಲಿಸುವ ಪಟ್ಟಿ) ನಾನೇ ಟೈಪ್ ಮಾಡುತ್ತೇನೆ, "ನಿನ್ನ ಎಕ್ಸೆಲ್ ನೀಟಾಗಿರುತ್ತೆ" ಅನ್ನುತ್ತಾರೆ. ನಾನು ಅದನ್ನು ಹೊಗಳಿಕೆ ಎಂದುಕೊಂಡಿದ್ದೆ. ನನ್ನ ಜೊತೆ ಸೇರಿದ ಹುಡುಗ ಆಗಲೇ 3 ಸಲ ಫೌಂಡ್ರಿಗೆ, ಅಂದರೆ ಎರಕದ ಕಾರ್ಖಾನೆಗೆ, ಹೋಗಿ ಬಂದಿದ್ದಾನೆ.

ನಿವೃತ್ತ ಮೆಟೀರಿಯಲ್ಸ್ (ಗುರುವಾರ, ರಾತ್ರಿ 11:02)

ನೋಡಮ್ಮ, ನಾನು 31 ವರ್ಷ ಈ ಕೆಲಸ ಮಾಡಿ ನಿವೃತ್ತನಾದವನು. ಅದರಲ್ಲಿ 11 ವರ್ಷ ಡಿಪಾರ್ಟ್‌ಮೆಂಟ್ ನಡೆಸಿದ್ದೇನೆ. ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಇನ್ನೊಂದು ಬದಿಯನ್ನೂ ಕೇಳಿ.

ಡೈರೆಕ್ಟ್ ಪರ್ಚೇಸ್ ಎಂದರೆ ಬರೀ ದರ ಕೇಳುವುದಲ್ಲ. ರಾತ್ರಿ 11ಕ್ಕೆ ಫೋನ್ ಬರುತ್ತದೆ, ಮಾಲಿಲ್ಲದೆ ನಾಳೆ ಬೆಳಗ್ಗೆ ಲೈನ್ (ತಯಾರಿಕೆ ಸಾಲು) ನಿಲ್ಲುತ್ತದೆ ಅಂತ. ಆಗಲೇ ಹೊರಟು ಸಪ್ಲೈಯರ್ ಬಾಗಿಲಲ್ಲಿ ಕೂತು, ಮಾಲು ಲೋಡ್ ಮಾಡಿಸಿ ತರಬೇಕು. ರಾಜ್‌ಕೋಟ್, ಲುಧಿಯಾನಾ, ಕೊಯಮತ್ತೂರು ಅಂತ ಟ್ರೇನಿನಲ್ಲಿ ಹೋಗಬೇಕು. ಎಷ್ಟೋ ಕಡೆ ಸರಿಯಾದ ಲಾಡ್ಜ್ ಕೂಡ ಇರುತ್ತಿರಲಿಲ್ಲ. ನನ್ನ ಕೆಳಗೆ ಕೆಲಸ ಮಾಡಿದ ಹೆಣ್ಣುಮಕ್ಕಳನ್ನು ನಾನು ಅಲ್ಲಿಗೆಲ್ಲ ಕಳಿಸಲಿಲ್ಲ. ಕೀಳಾಗಿ ಕಂಡು ಅಲ್ಲ. ಮನೆ ಮಗಳ ಹಾಗೆ ನೋಡಿಕೊಂಡೆ. ಆಮೇಲೆ ಹೆಡ್ ಆಯ್ಕೆ ಬಂದಾಗ ಪ್ಲಾಂಟ್ ಹೆಡ್ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಲೈನ್ ನಿಂತಾಗ ಓಡಿದವರು ಯಾರು?

ಪೀಣ್ಯ 2ನೇ ಹಂತ (ಗುರುವಾರ, ರಾತ್ರಿ 11:30)

ಸರ್, ಬಿಚ್ಚು ಮನಸ್ಸಿನಿಂದ ಬರೆದಿದ್ದೀರಿ, ಅದಕ್ಕೆ ಗೌರವ ಇದೆ. ಎರಡೇ ಮಾತು ಕೇಳುತ್ತೇನೆ.

ನನ್ನ ಕೊನೆಯ 3 ವರ್ಷದಲ್ಲಿ ನನ್ನ ಐಟಂಗಳಿಂದ ಒಂದು ಸಲವೂ ಲೈನ್ ನಿಂತಿಲ್ಲ. ಸಪ್ಲೈಯರ್ ಹತ್ತಿರ 10 ದಿನದ ಸ್ಟಾಕ್ ಇಡಿಸಿದ್ದೆ. ಎರಡನೇ ಸೋರ್ಸ್ ತಯಾರು ಮಾಡಿದ್ದೆ. ಹಬ್ಬಕ್ಕೆ ಮೊದಲೇ, ಮೋಲ್ಡಿಂಗ್ ಕೆಲಸದವರು ಊರಿಗೆ ಹೋಗುವ ಮುಂಚೆ ಮಾಲು ತರಿಸಿಡುತ್ತಿದ್ದೆ. ನಿಂತ ಲೈನಿಗೆ ಓಡಿದವರು ಎಲ್ಲರ ಕಣ್ಣಿಗೆ ಬೀಳುತ್ತಾರೆ. ನಿಲ್ಲದ ಹಾಗೆ ನೋಡಿಕೊಂಡವರನ್ನು ಯಾರು ಕೇಳುತ್ತಾರೆ ಹೇಳಿ?

ಎರಡನೆಯದು. ರಾಜ್‌ಕೋಟ್‌ಗೆ ಹೋಗುತ್ತೀರಾ ಅಂತ ಆ ಹೆಣ್ಣುಮಕ್ಕಳನ್ನು ನೀವು ಕೇಳಿದ್ದಿರಾ?

ಎರಕದ ಮನೆ, ಬೆಳಗಾವಿ (ಶುಕ್ರವಾರ, ಬೆಳಗ್ಗೆ 6:50)

ಅಕ್ಕಾರ, ನಮಸ್ಕಾರ. ನಾನು ತಕ್ಕಡಿಯ ಆ ಕಡೆ ನಿಲ್ಲುವವನು. ಉದ್ಯಮಬಾಗದಲ್ಲಿ ನಮ್ಮದು ಸಣ್ಣ ಫೌಂಡ್ರಿ, ಅಪ್ಪನ ಕಾಲದಿಂದ ಇದೆ. ನೀವು ಬರೆದದ್ದು ಓದಿ ನನಗೆ ಮೈಯೆಲ್ಲ ಮುಳ್ಳೆದ್ದಿತು. ವಿಸಿಟಿಂಗ್ ಕಾರ್ಡ್ ಹುಡುಗನ ಕೈಗೆ ಕೊಟ್ಟದ್ದು ನಾನೂ ಮಾಡಿದ ಕೆಲಸವೇ. ನಿಮ್ಮ ಕಂಪನಿಯಲ್ಲಿ ಅಲ್ಲ, ಬೇರೆ ಕಡೆ. ಒಳಗೆ ಬಂದ ಕೂಡಲೇ ಕಣ್ಣು ತಾನಾಗಿಯೇ ಗಂಡಸಿನ ಕಡೆ ಹೋಗುತ್ತದೆ. ರೂಢಿ ಅದು, ಕೆಟ್ಟ ರೂಢಿ.

ಇನ್ನೊಂದು ಹೇಳಬೇಕು. ಹೆಣ್ಣುಮಗಳು ಖರೀದಿಗೆ ಕೂತಿದ್ದಾರೆ ಎಂದರೆ ನಮ್ಮವರು ಮೊದಲ ದರವನ್ನೇ ಸ್ವಲ್ಪ ಏರಿಸಿ ಹೇಳುತ್ತಾರೆ. ಅವರಿಗೆ ಎರಕದ ಲೆಕ್ಕ ಗೊತ್ತಿರುವುದಿಲ್ಲ ಎಂಬ ನಂಬಿಕೆ. ಇದು ವ್ಯಾಪಾರದ ಒಳಮಾತು, ಆದರೆ ಹೇಳದೆ ಇದ್ದರೆ ತಪ್ಪಾಗುತ್ತದೆ.

ನಮ್ಮ ಫೌಂಡ್ರಿಗೆ ಮೊದಲ ಸಲ ಒಬ್ಬ ಮೇಡಂ ಆಡಿಟ್‌ಗೆ (ಸಪ್ಲೈಯರ್ ತಪಾಸಣೆಗೆ) ಬಂದಾಗ ಬೆಳಗ್ಗೆ 9ರಿಂದ ಸಂಜೆ 5ರವರೆಗೆ ಒಂದು ಗುಟುಕು ನೀರು ಕುಡಿಯಲಿಲ್ಲ. ಚಹಾ ಕೊಟ್ಟರೂ ಬೇಡ ಎಂದರು. ನಾನು ಬಿಗುಮಾನ ಅಂದುಕೊಂಡೆ. ರಾತ್ರಿ ನಮ್ಮ ಮನೆಯವರಿಗೆ ಹೇಳಿದಾಗ ಅವರು ಕೇಳಿದರು: "ನಿಮ್ಮಲ್ಲಿ ಹೆಂಗಸರಿಗೆ ಬಾತ್‌ರೂಮ್ ಎಲ್ಲಿದೆ?" ಇರಲಿಲ್ಲ ಅಕ್ಕಾರ. 22 ವರ್ಷದಿಂದ ಇರಲಿಲ್ಲ. ಆ ತಿಂಗಳೇ ಕಟ್ಟಿಸಿದೆ.

ಪೀಣ್ಯ 2ನೇ ಹಂತ (ಶುಕ್ರವಾರ, ಬೆಳಗ್ಗೆ 8:05)

ಅಣ್ಣ, ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ಹೇಳಿ. ಆಡಿಟ್‌ಗೆ ಹೋಗುವ ದಿನ ಬೆಳಗ್ಗೆಯಿಂದ ನೀರು ಕುಡಿಯದೆ ಇರುವುದು ನಮಗೆಲ್ಲ ಅಭ್ಯಾಸವಾಗಿ ಹೋಗಿದೆ. ಯೂರಿನ್ ಇನ್‌ಫೆಕ್ಷನ್ ಆಗಿ ಆಸ್ಪತ್ರೆಗೆ ಹೋದವರನ್ನೂ ಬಲ್ಲೆ. 1948ರ ಫ್ಯಾಕ್ಟರಿ ಕಾಯ್ದೆಯಲ್ಲೇ ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಶೌಚಾಲಯ ಇರಬೇಕು ಎಂದಿತ್ತು. ನಮ್ಮ ಸಪ್ಲೈಯರ್ ಆಡಿಟ್ ಚೆಕ್‌ಲಿಸ್ಟ್‌ನಲ್ಲಿ ಬೆಂಕಿ ಆರಿಸುವ ಸಿಲಿಂಡರ್ ತಾರೀಖಿನ ತನಕ ಎಲ್ಲ ಕಾಲಂ ಇದೆ, ಇದಕ್ಕೆ ಇಲ್ಲ. ಸೋಮವಾರ ನಾನೇ ಸೇರಿಸುತ್ತೇನೆ.

ಧಾರವಾಡದ ಮೇಷ್ಟ್ರು (ಶುಕ್ರವಾರ, ಬೆಳಗ್ಗೆ 10:20)

ಎಂಬಿಎ ಮಕ್ಕಳಿಗೆ ಪಾಠ ಮಾಡುವವನು ನಾನು. ಬೆಳಗಾವಿಯವರು ಹೇಳಿದ "ದರ ಏರಿಸಿ ಹೇಳುತ್ತಾರೆ" ಎಂಬ ಮಾತಿಗೆ ಸಂಶೋಧನೆಯ ಆಧಾರವೂ ಇದೆ. ಲಾರಾ ಕ್ರೇ, ಜೆಸಿಕಾ ಕೆನಡಿ, ಅಲೆಕ್ಸ್ ವಾನ್ ಜಾಂಟ್ ಎಂಬ ಮೂವರು 2014ರಲ್ಲಿ ಪ್ರಕಟಿಸಿದ ಅಧ್ಯಯನ. ಹೆಂಗಸರನ್ನು ಸುಲಭವಾಗಿ ದಾರಿ ತಪ್ಪಿಸಬಹುದು ಎಂದು ಜನ ಭಾವಿಸುತ್ತಾರೆ, ಆ ಭಾವನೆಯಿಂದಲೇ ಚೌಕಾಸಿಯಲ್ಲಿ ಅವರಿಗೆ ಜಾಸ್ತಿ ಸುಳ್ಳು ಹೇಳುತ್ತಾರೆ ಎಂದು ಅವರು ಕಂಡುಕೊಂಡರು.

ಇನ್ನೊಂದು ಅಧ್ಯಯನ ಪರ್ಚೇಸ್‌ನವರೆಲ್ಲ ಓದಬೇಕಾದದ್ದು. ಎಮಿಲಿ ಅಮಾನತುಲ್ಲಾ ಮತ್ತು ಮೈಕಲ್ ಮಾರಿಸ್, 2010. ತಮ್ಮ ಸಂಬಳದ ವಿಷಯದಲ್ಲಿ ಹೆಂಗಸರು ಹೆಚ್ಚು ಜಗ್ಗಾಡುವುದಿಲ್ಲ, ಏಕೆಂದರೆ ಹಾಗೆ ಕೇಳಿದರೆ ಜನ ಮುಖ ತಿರುಗಿಸುತ್ತಾರೆ ಎಂಬ ಭಯ. ಆದರೆ ಬೇರೊಬ್ಬರ ಪರವಾಗಿ ಮಾತಾಡುವಾಗ ಅವರು ಗಂಡಸರಷ್ಟೇ ಗಟ್ಟಿ. ಪರ್ಚೇಸ್ ಎಂದರೆ ಏನು? ಕಂಪನಿಯ ಪರವಾಗಿ ಮಾತಾಡುವುದೇ ಅಲ್ವಾ. ಅಂದರೆ ಹೆಂಗಸರಿಗೆ ಚೌಕಾಸಿ ಬರುವುದಿಲ್ಲ ಅನ್ನುವುದಕ್ಕೆ ಆಧಾರವೇ ಇಲ್ಲ.

ಭಯ ಸುಳ್ಳೇನೂ ಅಲ್ಲ. ಹನಾ ಬೋಲ್ಸ್, ಲಿಂಡಾ ಬಾಬ್‌ಕಾಕ್, ಲೀ ಲಾಯ್ 2007ರಲ್ಲೇ ತೋರಿಸಿದ್ದರು. ಸಂಬಳ ಹೆಚ್ಚು ಕೇಳಿದ ಗಂಡಸಿಗಿಂತ ಹೆಚ್ಚು ಕೇಳಿದ ಹೆಂಗಸಿನ ಜೊತೆ ಕೆಲಸ ಮಾಡಲು ಜನ ಹಿಂಜರಿಯುತ್ತಾರೆ ಅಂತ. ನಿಮ್ಮ ಅಪ್ರೈಸಲ್‌ನ "ಮೃದುವಾಗಬೇಕು" ಅದರ ತಮ್ಮನೇ.

ಮೇಲಿನ ಹುದ್ದೆಗಳ ಲೆಕ್ಕಕ್ಕೆ ಗಾರ್ಟ್ನರ್‌ನ 2023ರ ಸಮೀಕ್ಷೆ ಇದೆ. ಅದರಲ್ಲಿ ಸಪ್ಲೈ ಚೈನ್ ಕೆಲಸಗಾರರಲ್ಲಿ ಹೆಂಗಸರು ಶೇ. 41, ತುತ್ತತುದಿಯ ಹುದ್ದೆಗಳಲ್ಲಿ ಶೇ. 26. ಅದು ಹೆಚ್ಚಾಗಿ ಹೊರದೇಶದ ದೊಡ್ಡ ಕಂಪನಿಗಳ ಚಿತ್ರ. ನಮ್ಮ ಪೀಣ್ಯ, ಉದ್ಯಮಬಾಗದಲ್ಲಿ ಕಣ್ಣಾರೆ ಕಾಣುವುದೇ ಬೇರೆ.

ಪೀಣ್ಯ 2ನೇ ಹಂತ (ಶುಕ್ರವಾರ, ಮಧ್ಯಾಹ್ನ 1:10)

ಮೇಷ್ಟ್ರೇ, ಊಟದ ಹೊತ್ತಿನಲ್ಲಿ ಓದಿ ಸುಮ್ನೆ ಕೂತುಬಿಟ್ಟೆ. ಕಂಪನಿಗೋಸ್ಕರ 20 ಪೈಸೆಗೆ ಅರ್ಧ ದಿನ ಜಗ್ಗಾಡಿದ್ದೇನೆ. ನನ್ನ ಸಂಬಳದ ಬಗ್ಗೆ 14 ವರ್ಷದಲ್ಲಿ ಕೇಳಿದ್ದು ಒಂದೇ ಸಲ. ಅದೂ ಮೇಲ್‌ನಲ್ಲಿ, ಕೊನೆಯಲ್ಲಿ "ತೊಂದರೆ ಆದರೆ ಬೇಡ" ಎಂದು ಸೇರಿಸಿ.

ಹೊರವರ್ತುಲ ರಸ್ತೆ (ಶುಕ್ರವಾರ, ಮಧ್ಯಾಹ್ನ 3:45)

ನಾನು ಐಟಿ ಕಂಪನಿಯೊಂದರಲ್ಲಿ ಪ್ರೊಕ್ಯೂರ್‌ಮೆಂಟ್ ನೋಡುತ್ತೇನೆ. ಸ್ವಲ್ಪ ಬೇರೆ ಅಭಿಪ್ರಾಯ. ಇನ್‌ಡೈರೆಕ್ಟ್ ಅಂದರೆ ಕೀಳು ಅಂತ ನಾವೇ ಹೇಳಿಕೊಳ್ಳಬಾರದು. ನಮ್ಮಲ್ಲಿ ಎಲ್ಲವೂ ಇನ್‌ಡೈರೆಕ್ಟೇ. ಕಬ್ಬಿಣ ಕೊಳ್ಳುವುದೇ ಇಲ್ಲ. ನಮ್ಮ ಟೀಮಿನಲ್ಲಿ ಅರ್ಧಕ್ಕರ್ಧ ಹೆಂಗಸರು.

ಹಾಗಂತ ಬರೆದು ಒಂದು ನಿಮಿಷ ಲೆಕ್ಕ ಹಾಕಿದೆ. ಸಾಫ್ಟ್‌ವೇರ್ ಲೈಸೆನ್ಸ್, ಕ್ಲೌಡ್, ಗುತ್ತಿಗೆ ಎಂಜಿನಿಯರ್‌ಗಳು, ಇವು ದೊಡ್ಡ ದುಡ್ಡಿನ ಬಾಬ್ತು. ಅಲ್ಲಿ 7 ಜನರಲ್ಲಿ 6 ಗಂಡಸರು. ಟ್ರಾವೆಲ್, ಗಿಫ್ಟು, ಇವೆಂಟ್, ಫೆಸಿಲಿಟೀಸ್‌ನಲ್ಲಿ 5 ಜನರಲ್ಲಿ 5 ಹೆಂಗಸರು. ಮೊದಲು ಬರೆದದ್ದನ್ನು ಅಳಿಸುವುದಿಲ್ಲ, ಹಾಗೇ ಇರಲಿ. 4 ವರ್ಷದಿಂದ ಪಕ್ಕದಲ್ಲೇ ಕೂತು ನಾನು ಇದನ್ನು ನೋಡಿರಲಿಲ್ಲ.

ಟೆಂಡರ್ ಶಾಖೆ (ಶುಕ್ರವಾರ, ಸಂಜೆ 6:30)

ಸರ್ಕಾರದ ಕಡೆಯಿಂದ ಒಂದಿಷ್ಟು. ನಾನು ಎಂಜಿನಿಯರ್, ಟೆಂಡರ್ ಕೆಲಸ ನೋಡುತ್ತೇನೆ. ನಮ್ಮಲ್ಲಿ 1999ರ ಕೆಟಿಪಿಪಿ ಕಾಯ್ದೆ, ಅಂದರೆ ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಯ ಕಾಯ್ದೆ, ಬಂದಿತ್ತು. ಆದರೂ ನಮ್ಮ ಹಿರಿಯ ಮೇಡಂ ಒಬ್ಬರು ಹೇಳುತ್ತಿದ್ದರು, ಟೆಂಡರ್ ಪೆಟ್ಟಿಗೆ ತೆರೆಯುವ ದಿನ ಆಫೀಸಿನ ಮುಂದೆ ಜೀಪುಗಳು ನಿಲ್ಲುತ್ತಿದ್ದವಂತೆ. ಬೇರೆಯವರು ಪೆಟ್ಟಿಗೆ ಹತ್ತಿರ ಬರದ ಹಾಗೆ ತಡೆಯಲು ಜನ ಇರುತ್ತಿದ್ದರಂತೆ. ಹೆಣ್ಣು ಅಧಿಕಾರಿಗೆ ಅಂಥ ಶಾಖೆ ಬೇಡ ಎಂದು ಬೇರೆ ಕಡೆ ಹಾಕುತ್ತಿದ್ದರು. 2007ರಲ್ಲಿ ಇ-ಪ್ರೊಕ್ಯೂರ್‌ಮೆಂಟ್ ಶುರುವಾದ ಮೇಲೆ ಆ ಪೆಟ್ಟಿಗೆಯೇ ಹೋಯಿತು. ಬಿಡ್ ಕಂಪ್ಯೂಟರಿನಲ್ಲಿ ತೆರೆಯುತ್ತದೆ. ಎದುರಿಗೆ ನಿಂತು ಗುರಾಯಿಸಲು ಯಾರೂ ಇಲ್ಲ. ನನ್ನಂಥವರಿಗೆ ಇದರಿಂದ ಎಷ್ಟು ಅನುಕೂಲ ಆಯಿತು ಎಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ.

ಆದರೆ ಈಗ ಬೇರೆ ಥರ. "ಹೆಂಗಸರು ದುಡ್ಡು ಮುಟ್ಟುವುದಿಲ್ಲ, ಫೈಲು ಇವರ ಹತ್ತಿರ ಇರಲಿ" ಎನ್ನುತ್ತಾರೆ. ಕೇಳಲು ಚೆನ್ನಾಗಿದೆ. ಅದರ ಅರ್ಥ, ಕಾಗದ ಸರಿಯಿದೆಯೇ ಎಂದು ನಾನು ನೋಡಬೇಕು, ಏನು ಕೊಳ್ಳಬೇಕು ಎಂದು ಬೇರೆಯವರು ತೀರ್ಮಾನಿಸುತ್ತಾರೆ. ಆಡಿಟ್ ಆಕ್ಷೇಪ ಬಂದರೆ ಮಾತ್ರ ಉತ್ತರ ನಾನು ಬರೆಯಬೇಕು.

ಮೈಸೂರು ಪ್ಯಾಕಿಂಗ್ (ಶುಕ್ರವಾರ, ರಾತ್ರಿ 8:15)

ಮಾರುವ ಕಡೆ ಇರುವ ಹೆಂಗಸು ನಾನು. ರಟ್ಟಿನ ಡಬ್ಬ ಮಾಡುತ್ತೇವೆ. 2018ರಲ್ಲಿ ಕೇಂದ್ರ ಸರ್ಕಾರ ತನ್ನ ಇಲಾಖೆ, ಉದ್ದಿಮೆಗಳು ಶೇ. 25ರಷ್ಟು ಖರೀದಿಯನ್ನು ಸಣ್ಣ ಉದ್ಯಮಗಳಿಂದ ಮಾಡಬೇಕು, ಆ 25ರಲ್ಲಿ 3 ಹೆಂಗಸರ ಉದ್ಯಮಗಳಿಂದ ಎಂದು ನಿಯಮ ತಂದಿತು. 2019ರಲ್ಲಿ ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್‌ನಲ್ಲಿ ಹೆಂಗಸರ ಉದ್ಯಮಗಳಿಗೆ ವುಮನಿಯಾ ಎಂದು ಬೇರೆ ವಿಭಾಗವೂ ಬಂತು. ನಾನು ಅದರಿಂದಲೇ ಮೊದಲ ದೊಡ್ಡ ಆರ್ಡರ್ ಕಂಡವಳು. ಆದರೆ ಫ್ಯಾಕ್ಟರಿ ನೋಡಲು ಬಂದವರು ಮೊದಲು ಕೇಳಿದ್ದು "ಯಜಮಾನರು ಎಲ್ಲಿ?" ಹೆಂಡತಿ ಹೆಸರಿನಲ್ಲಿ ಗಂಡ ನಡೆಸುವ ಕಂಪನಿಗಳೂ ಇವೆ, ಅವರ ಅನುಮಾನ ಪೂರಾ ತಪ್ಪಲ್ಲ. ಡೈ ಕಟಿಂಗ್ ಮಷೀನ್ ನಾನೇ ಓಡಿಸಿ ತೋರಿಸಿದ ಮೇಲೆ ಸುಮ್ಮನಾದರು. ಪೀಣ್ಯದ ಮೇಡಂ, ನಿಮ್ಮಂಥವರು ಆ ಕಡೆ ಕೂತಿದ್ದರೆ ನನಗೆ ಮಷೀನ್ ಓಡಿಸಿ ತೋರಿಸುವ ಕೆಲಸ ಇರುತ್ತಿರಲಿಲ್ಲ.

ಕೊಡಗಿನ ಮಳೆ (ಶನಿವಾರ, ಬೆಳಗ್ಗೆ 7:30)

ಇದನ್ನೆಲ್ಲ ಓದಿ ನಮ್ಮ ಕೊಡಗಿನ ಸಿ.ಬಿ. ಮುತ್ತಮ್ಮ ನೆನಪಾದರು. ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ, 1949ರಲ್ಲಿ. ಆಗಿನ ನಿಯಮದ ಪ್ರಕಾರ ಹೆಣ್ಣು ಅಧಿಕಾರಿ ಮದುವೆಗೆ ಸರ್ಕಾರದ ಅನುಮತಿ ಕೇಳಬೇಕಿತ್ತು. ಮದುವೆಯಾದ ಮೇಲೆ ಸಂಸಾರದಿಂದ ಕೆಲಸಕ್ಕೆ ತೊಂದರೆ ಅನಿಸಿದರೆ ರಾಜೀನಾಮೆ ಕೇಳಬಹುದಿತ್ತು. ಗಂಡಸರಿಗೆ ಅದಿಲ್ಲ. 30 ವರ್ಷ ಸೇವೆ ಮಾಡಿದರೂ ಮೇಲಿನ ದರ್ಜೆಗೆ ಬಡ್ತಿ ತಪ್ಪಿದಾಗ ಸುಪ್ರೀಂ ಕೋರ್ಟಿಗೆ ಹೋದರು. ಪ್ರಕರಣ ನಡೆಯುವಾಗಲೇ ಸರ್ಕಾರ ಬಡ್ತಿ ಕೊಟ್ಟಿತು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮಗಳಲ್ಲಿದ್ದ ಭೇದಭಾವವನ್ನು ಕಟುವಾಗಿ ಟೀಕಿಸಿದರು.

ಅವರ ಕಾಲದಲ್ಲಿ ನಿಯಮ ಬರೆದಿಟ್ಟಿದ್ದರು, ಅದಕ್ಕೇ ಕೋರ್ಟಿನಲ್ಲಿ ತೋರಿಸಲು ಆಯಿತು. ನಿಮ್ಮ ಕ್ಯಾಂಟೀನ್ ಬರೆದಿಟ್ಟ ನಿಯಮ ಅಲ್ಲ. ಯಾವ ಕಾಗದ ತೋರಿಸುತ್ತೀರಿ?

ಸ್ಟುಟ್‌ಗಾರ್ಟ್ ಕನ್ನಡಿಗ (ಶನಿವಾರ, ಮಧ್ಯಾಹ್ನ 2:20)

ಜರ್ಮನಿಯಲ್ಲಿ ಮಷೀನ್ ಕಂಪನಿಯೊಂದರಲ್ಲಿ ಖರೀದಿ ನೋಡುತ್ತೇನೆ. ಇಲ್ಲಿ 2016ರಿಂದ ದೊಡ್ಡ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಶೇ. 30 ಹೆಂಗಸರು ಇರಲೇಬೇಕು ಎಂಬ ಕಾನೂನು ಇದೆ. ನಮ್ಮ ದೇಶದಲ್ಲೂ 2013ರ ಕಂಪನಿ ಕಾಯ್ದೆ ಬಂದ ಮೇಲೆ ಷೇರುಪೇಟೆಯ ಕಂಪನಿಗಳಲ್ಲಿ ಒಬ್ಬರಾದರೂ ಮಹಿಳಾ ನಿರ್ದೇಶಕರು ಇರಬೇಕು. ಒಳ್ಳೆಯದೇ. ಆದರೆ ಅದು ಮೇಲಿನ ಮಹಡಿ. ನಮ್ಮಲ್ಲಿ ಸ್ಟೀಲ್ ಖರೀದಿಯ ಮೀಟಿಂಗ್‌ನಲ್ಲಿ 9 ಜನ ಕೂರುತ್ತೇವೆ, ಒಬ್ಬರೇ ಹೆಂಗಸು. ಮಗು ಆದ ಮೇಲೆ ಅರ್ಧ ದಿನದ ಕೆಲಸಕ್ಕೆ ಬರುವ ತಾಯಂದಿರಿಗೆ ಇಲ್ಲಿಯೂ ಕೊಡುವುದು ಆಫೀಸ್ ಸಾಮಾನಿನ ಖರೀದಿಯೇ.

ಬೊಮ್ಮಸಂದ್ರದ ಹೊಸಬಳು (ಶನಿವಾರ, ರಾತ್ರಿ 9:10)

ಒಂದು ವಿಷಯ ಕೇಳಲೋ ಬೇಡವೋ ಎಂದು ಎರಡು ದಿನದಿಂದ ಯೋಚಿಸುತ್ತಿದ್ದೇನೆ. ಒಬ್ಬ ವೆಂಡರ್ ರಾತ್ರಿ 11ರ ಮೇಲೆ ವಾಟ್ಸಾಪ್ ಮಾಡುತ್ತಾರೆ. ಮೊದಲು ಪಿಓ (ಖರೀದಿ ಆರ್ಡರ್) ಬಗ್ಗೆ, ಆಮೇಲೆ "ಡಿಪಿ ಚೆನ್ನಾಗಿದೆ", "ಊಟಕ್ಕೆ ಹೋಗೋಣ್ವಾ" ಅಂತ. ಮ್ಯಾನೇಜರ್‌ಗೆ ಹೇಳಿದರೆ ವೆಂಡರ್ ಜೊತೆ ಮಾತಾಡುವ ಕೆಲಸವನ್ನೇ ನನ್ನಿಂದ ತೆಗೆದುಬಿಡುತ್ತಾರೇನೋ ಎಂಬ ಭಯ. ಅವರು ನಮ್ಮ ಕಂಪನಿಯವರಲ್ಲವಲ್ಲ, ದೂರು ಕೊಡಲು ಬರುತ್ತದಾ?

ಪೀಣ್ಯ 2ನೇ ಹಂತ (ಶನಿವಾರ, ರಾತ್ರಿ 9:25)

ಬರುತ್ತದೆ ತಂಗಿ. ನಾನು ನಮ್ಮ ಕಂಪನಿಯ ದೂರು ಸಮಿತಿಯಲ್ಲಿ 2 ವರ್ಷ ಇದ್ದೆ, ಅದಕ್ಕೇ ಹೇಳುತ್ತಿದ್ದೇನೆ. ಕೆಲಸದ ಜಾಗದಲ್ಲಿ ಹೆಂಗಸರಿಗೆ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಕೆಲಸದ ಜಾಗ ಎಂದರೆ ನಿನ್ನ ಮೇಜು ಮಾತ್ರ ಅಲ್ಲ. ಕೆಲಸದ ಮೇಲೆ ಹೋಗುವ ಸಪ್ಲೈಯರ್ ಫ್ಯಾಕ್ಟರಿ, ಕಂಪನಿ ಕೊಟ್ಟ ಗಾಡಿ ಎಲ್ಲ ಸೇರುತ್ತದೆ. ತೊಂದರೆ ಕೊಟ್ಟವನು ಹೊರಗಿನವನಾದರೂ ಕ್ರಮ ಕೈಗೊಳ್ಳುವ ಹೊಣೆ ಕಂಪನಿಗೆ ಇದೆ. 10 ಅಥವಾ ಜಾಸ್ತಿ ಜನ ಇರುವ ಕಡೆ ಸಮಿತಿ ಇರಲೇಬೇಕು. 3 ತಿಂಗಳ ಒಳಗೆ ಬರೆದು ಕೊಡಬೇಕು, ಅದಕ್ಕೇ ತಡ ಮಾಡಬೇಡ. ಮೆಸೇಜ್ ಒಂದನ್ನೂ ಅಳಿಸಬೇಡ, ಸ್ಕ್ರೀನ್‌ಶಾಟ್ ತೆಗೆದಿಡು.

ದೂರಿನಲ್ಲೇ ಒಂದು ಸಾಲು ಸೇರಿಸು: "ಈ ವೆಂಡರ್ ಕೆಲಸ ನನ್ನ ಹತ್ತಿರವೇ ಇರಲಿ, ಅವರ ಕಡೆಯಿಂದ ಮಾತಾಡುವ ವ್ಯಕ್ತಿಯನ್ನು ಬದಲಿಸಿ." ತಪ್ಪು ಅವನದು, ಕೆಲಸ ನಿನ್ನದು. ಹೆದರಿಕೆ ಆದರೆ ನನಗೆ ಒಳಪೆಟ್ಟಿಗೆಗೆ ಬರೆ, ದೂರು ಒಟ್ಟಿಗೆ ಬರೆಯೋಣ.

ನಿವೃತ್ತ ಮೆಟೀರಿಯಲ್ಸ್ (ಭಾನುವಾರ, ಬೆಳಗ್ಗೆ 6:15)

ಪೀಣ್ಯದ ಮೇಡಂ, ಗುರುವಾರ ನೀವು ಕೇಳಿದ ಪ್ರಶ್ನೆಗೆ ಉತ್ತರ ಕೊಡಲು ಮೂರು ದಿನ ಬೇಕಾಯಿತು.

ಕೇಳಿರಲಿಲ್ಲ. ಒಬ್ಬರನ್ನೂ ಕೇಳಿರಲಿಲ್ಲ. ನನ್ನ ಕೆಳಗೆ ಒಬ್ಬ ಹುಡುಗಿ ಇದ್ದಳು, ಬಹಳ ಚುರುಕು. ಡ್ರಾಯಿಂಗ್ ನೋಡಿ ತೂಕ ಬಾಯಲ್ಲೇ ಹೇಳುತ್ತಿದ್ದಳು. 6 ವರ್ಷ ಸ್ಟೇಷನರಿ, ಪ್ಯಾಕಿಂಗ್ ನೋಡಿ ಕೆಲಸ ಬಿಟ್ಟಳು. ಹೋಗುವಾಗ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು, ಏನೂ ಹೇಳಲಿಲ್ಲ. ಮದುವೆ ಆಗಿರಬೇಕು ಎಂದು ನಾನು ಅಂದುಕೊಂಡೆ. ನಿನ್ನೆ ಹಳೆಯ ಸಹೋದ್ಯೋಗಿಯೊಬ್ಬರಿಗೆ ಫೋನ್ ಮಾಡಿ ವಿಚಾರಿಸಿದೆ. ಅವಳು ಬೇರೆ ಕಂಪನಿಯಲ್ಲಿ ಫೋರ್ಜಿಂಗ್ ಖರೀದಿ ನೋಡುತ್ತಾಳಂತೆ. ತಿಂಗಳಿಗೆ ಎರಡು ಸಲ ಪುಣೆಗೆ ಹೋಗಿ ಬರುತ್ತಾಳಂತೆ.

ಮನೆ ಮಗಳ ಹಾಗೆ ನೋಡಿಕೊಂಡೆ ಎಂದು ಬರೆದಿದ್ದೆ. ನನ್ನ ಸ್ವಂತ ಮಗಳು ಹೈದರಾಬಾದಿನಲ್ಲಿ ಒಬ್ಬಳೇ ಇದ್ದು ಕೆಲಸ ಮಾಡುತ್ತಾಳೆ. ಅವಳನ್ನು ನಾನು ತಡೆಯಲಿಲ್ಲ. ನಿನ್ನೆಯಿಂದ ಇದೇ ಯೋಚನೆ.

ಬೊಮ್ಮಸಂದ್ರದ ಮಗೂ, ನಿನಗೆ ಒಂದು ಉಪಾಯ ಹೇಳುತ್ತೇನೆ. ನಿನ್ನ ಮ್ಯಾನೇಜರ್ ಹತ್ತಿರ "ನನಗೂ ಡೈರೆಕ್ಟ್ ಕೊಡಿ" ಎಂದು ಕೇಳಬೇಡ. ಆಗಲಿ ನೋಡೋಣ ಎಂದುಬಿಡುತ್ತಾರೆ, ನಾನೂ ಅನ್ನುತ್ತಿದ್ದೆ. ಪಾರ್ಟ್ ನಂಬರ್ ಹೇಳಿ ಕೇಳು. ನಿಮ್ಮಲ್ಲಿ ಜಾಸ್ತಿ ರಿಜೆಕ್ಷನ್ ಬರುತ್ತಿರುವ ಎರಡು ಕಾಸ್ಟಿಂಗ್ ಯಾವುದು ಎಂದು ಕ್ವಾಲಿಟಿಯವರಿಂದ ತಿಳಿದುಕೋ. "ಈ ಎರಡು ಪಾರ್ಟ್ 3 ತಿಂಗಳು ನನಗೆ ಕೊಡಿ, ಈ ತಾರೀಖಿನಿಂದ" ಎಂದು ಮೇಲ್‌ನಲ್ಲಿ ಬರೆ. ಹೆಸರು, ನಂಬರು, ತಾರೀಖು ಇದ್ದರೆ ಇಲ್ಲ ಅನ್ನುವವರು ಕಾರಣ ಬರೆಯಬೇಕಾಗುತ್ತದೆ. ಕೊಡಗಿನವರು ಕೇಳಿದರಲ್ಲ, ಯಾವ ಕಾಗದ ತೋರಿಸುತ್ತೀರಿ ಅಂತ. ಆ ಕಾಗದ ಇದು.

ಪೀಣ್ಯ 2ನೇ ಹಂತ (ಭಾನುವಾರ, ಬೆಳಗ್ಗೆ 9:00)

ಸರ್, ಇದನ್ನು ಬರೆಯಲು ಎಷ್ಟು ಕಷ್ಟ ಆಗಿರಬೇಕು ಎಂದು ಗೊತ್ತು. ಆ ಹುಡುಗಿಗೆ ಒಂದು ಫೋನ್ ಮಾಡಿ ಸರ್. ಈಗಲೂ ತಡ ಆಗಿಲ್ಲ.

ನಾನೂ ಹೊಸ ಹೆಡ್ ಜೊತೆ ಮಾತಾಡಿದೆ. ಯಾರ ಹತ್ತಿರ ಎಷ್ಟು ವರ್ಷ ಯಾವ ಐಟಂ ಇತ್ತು ಎಂದು ಒಂದು ಹಾಳೆಯಲ್ಲಿ ಬರೆದು ತೋರಿಸಿದೆ. 17 ಜನ, ಅದರಲ್ಲಿ 5 ಹೆಂಗಸರು. ಹಾಳೆ ನೋಡಿ ಅವನು ಬಹಳ ಹೊತ್ತು ಮಾತಾಡಲಿಲ್ಲ. ಏಪ್ರಿಲ್‌ನಿಂದ 2 ವರ್ಷಕ್ಕೊಮ್ಮೆ ಎಲ್ಲರ ಐಟಂ ಬದಲಿಸುತ್ತೇನೆ ಎಂದಿದ್ದಾನೆ, ಗಂಡಸರಿಗೆ ಕ್ಯಾಂಟೀನ್ ಸಹ. ಇಬ್ಬರು ಆಗಲೇ ಮುಖ ಸಿಂಡರಿಸಿದ್ದಾರೆ. ಮೇಲಿನವರು ಒಪ್ಪುತ್ತಾರೋ ಇಲ್ಲವೋ, ನೋಡಬೇಕು.

ಬೊಮ್ಮಸಂದ್ರದ ಹೊಸಬಳು (ಮಂಗಳವಾರ, ಸಂಜೆ 7:40)

ಅಕ್ಕ, ಸರ್, ಎಲ್ಲರಿಗೂ. ದೂರು ನಿನ್ನೆ ಕೊಟ್ಟೆ. ಸಮಿತಿಯವರು ಕರೆದು ಮಾತಾಡಿಸಿದರು, ವಿಚಾರಣೆ ಶುರುವಾಗುತ್ತದೆ.

ಇನ್ನೊಂದು. ಪಾರ್ಟ್ ನಂಬರ್ ಹಾಕಿ ಮೇಲ್ ಬರೆದೆ. ಎರಡು ಕೇಳಿದ್ದೆ, ಒಂದು ಕೊಟ್ಟರು. ಬೇರಿಂಗ್ ಹೌಸಿಂಗ್ (ಬೇರಿಂಗ್ ಕೂರುವ ಎರಕದ ಭಾಗ), ಬ್ಲೋಹೋಲ್ (ಎರಕದಲ್ಲಿ ಗಾಳಿಗುಳ್ಳೆಯ ತೂತು) ಜಾಸ್ತಿ ಬರುತ್ತಿದೆ. ಗುರುವಾರ ಶಿವಮೊಗ್ಗದ ಫೌಂಡ್ರಿಗೆ ಹೋಗಬೇಕು, ಜೊತೆಗೆ ಕ್ವಾಲಿಟಿಯವರೊಬ್ಬರು. ಜೀವನದಲ್ಲಿ ಮೊದಲ ಸಲ. ಏನು ಹಾಕಿಕೊಂಡು ಹೋಗಬೇಕು, ಮೊದಲು ಏನು ನೋಡಬೇಕು ಹೇಳಿ.

ಎರಕದ ಮನೆ, ಬೆಳಗಾವಿ (ಮಂಗಳವಾರ, ರಾತ್ರಿ 8:05)

ತಂಗೀ, ಕಾಟನ್ ಬಟ್ಟೆ ಹಾಕಿಕೊಳ್ಳಿ. ನೈಲಾನ್, ಪಾಲಿಯೆಸ್ಟರ್ ಬೇಡವೇ ಬೇಡ, ಕಿಡಿ ಬಿದ್ದರೆ ಮೈಗೆ ಅಂಟುತ್ತದೆ. ವೇಲ್ ಬೇಡ, ಕೂದಲು ಕಟ್ಟಿಕೊಳ್ಳಿ. ಸೇಫ್ಟಿ ಶೂ ಇರಲಿ. ಲೋಹ ಸುರಿಯುವ ಹೊತ್ತು ಯಾವುದು ಎಂದು ಮೊದಲೇ ಫೋನ್ ಮಾಡಿ ಕೇಳಿ, ಆ ಹೊತ್ತಿಗೆ ಅಲ್ಲಿರಿ. ಬ್ಲೋಹೋಲ್ ಎಂದರೆ ಮರಳಿನ ತೇವ ಅಳೆದ ರಿಜಿಸ್ಟರ್ ಕೇಳಿ. ಕೋರ್ (ಎರಕದೊಳಗೆ ಟೊಳ್ಳು ಬರಲು ಇಡುವ ಮರಳಿನ ಅಚ್ಚು) ಸರಿಯಾಗಿ ಒಣಗಿದೆಯೇ ನೋಡಿ, ಗಾಳಿ ಹೋಗಲು ದಾರಿ ಬಿಟ್ಟಿದ್ದಾರೆಯೇ ಕೇಳಿ. ಆಫೀಸ್ ರೂಮಿನಲ್ಲಿ ಕೂರಿಸಿ ಚಹಾ ಕೊಟ್ಟು ಮಾತು ಬೆಳೆಸುತ್ತಾರೆ. ಮೊದಲು ಶಾಪ್‌ಗೆ ಹೋಗಿ, ಆಮೇಲೆ ಚಹಾ.

ಪೀಣ್ಯ 2ನೇ ಹಂತ (ಮಂಗಳವಾರ, ರಾತ್ರಿ 8:20)

ಬಾತ್‌ರೂಮ್ ಇದೆಯಾ ಎಂದು ನಾಳೆಯೇ ಫೋನ್ ಮಾಡಿ ಕೇಳು. ನಾಚಿಕೆ ಬೇಡ. ನೀರಿನ ಬಾಟಲಿ ತೆಗೆದುಕೊಂಡು ಹೋಗು, ಕುಡಿ. ಹೋಗುವ ಮುಂಚೆ ಕಳೆದ 6 ತಿಂಗಳ ರಿಜೆಕ್ಷನ್ ಲೆಕ್ಕ ಪ್ರಿಂಟ್ ತೆಗೆದಿಟ್ಟುಕೋ. ಮತ್ತೆ, ಒಳಗೆ ಹೋದ ತಕ್ಷಣ ನಿನ್ನ ಕಾರ್ಡ್ ನೀನೇ ಮೊದಲು ಕೊಡು. "ಈ ಪಾರ್ಟ್ ಇನ್ನು ಮುಂದೆ ನಾನು ನೋಡುತ್ತೇನೆ" ಎಂದು ಹೇಳಿ ಕೊಡು.

ನಿವೃತ್ತ ಮೆಟೀರಿಯಲ್ಸ್ (ಮಂಗಳವಾರ, ರಾತ್ರಿ 8:32)

10 ಪೀಸು ತೂಕ ಮಾಡಿಸು. ತೂಕ ಮಾಡುವ ಮೊದಲು ತಕ್ಕಡಿಯ ಮೇಲಿನ ಸ್ಟಾಂಪಿಂಗ್ ತಾರೀಖು ನೋಡು, ಅವಧಿ ಮುಗಿದಿರಬಾರದು.

ಬೊಮ್ಮಸಂದ್ರದ ಹೊಸಬಳು (ಮಂಗಳವಾರ, ರಾತ್ರಿ 8:40)

ತಕ್ಕಡಿ ಸ್ಟಾಂಪಿಂಗ್, ಬರೆದುಕೊಂಡೆ ಸರ್. ಅಕ್ಕ, ನನ್ನ ಹತ್ತಿರ ವಿಸಿಟಿಂಗ್ ಕಾರ್ಡ್ ಇಲ್ಲ, ಇದುವರೆಗೆ ಮಾಡಿಸಿ ಕೊಟ್ಟೇ ಇಲ್ಲ. ಕಾರ್ಡ್ ಪ್ರಿಂಟಿಂಗ್ ಪಿಓ ಹಾಕುವವಳು ನಾನೇ. ನಾಳೆ ಬೆಳಗ್ಗೆ ಹೋದ ತಕ್ಷಣ ನನ್ನ ಹೆಸರೂ ಸೇರಿಸುತ್ತೇನೆ.